ಮೊದಲ ಪುಟ ಖಾಲಿ ಬಿಡಿ

ಕೈಯಲ್ಲಿ ಚಿತ್ರ ಬಿಡಿಸುವುದು, ಸುಮ್ನೆ ಗೀಚುವುದು, ಚಿತ್ರದ ದಿನಚರಿ ಇಟ್ಟುಕೊಳ್ಳುವುದು, ಇವುಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ. ಎಲ್ಲ ಪತ್ರಗಳನ್ನೂ ಓದಿದ್ದೇನೆ, ಜಾಗ ಇದ್ದಷ್ಟು ಇಲ್ಲಿವೆ.

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಹೈಸ್ಕೂಲಿನಲ್ಲಿ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದೆ, ಮದುವೆ, ಮಕ್ಕಳು ಅಂತ ಬಿಟ್ಟೇಹೋಯಿತು. ಮಗಳು ದುಬಾರಿ ಸ್ಕೆಚ್ ಬುಕ್ ತಂದುಕೊಟ್ಟು ಆರು ತಿಂಗಳಾಯಿತು. ಮೊದಲ ಪುಟ ಎಲ್ಲಿ ಹಾಳಾಗುತ್ತೋ ಅಂತ ಮುಟ್ಟಿಲ್ಲ. ರಂಗೋಲಿ ಒಂದು ಬಿಟ್ಟರೆ ಈಗ ಏನೂ ಬರಲ್ಲ. (ಗೃಹಿಣಿ, ದಾವಣಗೆರೆ)

ಉತ್ತರ: ಆ ಪುಸ್ತಕ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಅಂಗಡಿಯಲ್ಲಿ ಗೆರೆ ಇಲ್ಲದ ನೂರು ಪುಟದ ನೋಟ್‌ಬುಕ್ ಸಿಗುತ್ತದೆ, ಅದನ್ನು ತನ್ನಿ. ಮೊದಲ ಎರಡು ಪುಟ ಖಾಲಿ ಬಿಟ್ಟು ಮೂರನೆಯದರಿಂದ ಶುರು ಮಾಡಿ. ನಾನು ಇವತ್ತಿಗೂ ಹೊಸ ಪುಸ್ತಕವನ್ನು ಹೀಗೇ ತೆರೆಯುವುದು. ಇನ್ನೊಂದು ಮಾತು, ಈ ಪುಸ್ತಕವನ್ನು ಯಾರಿಗೂ ತೋರಿಸಬೇಡಿ, ಮಗಳಿಗೂ ಬೇಡ. ತೋರಿಸಬೇಕು ಅನ್ನುವ ಯೋಚನೆ ಬಂದ ಕೂಡಲೇ ಕೈ ಬಿಗಿಯಾಗುತ್ತದೆ.

'ರಂಗೋಲಿ ಒಂದು ಬಿಟ್ಟರೆ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 15ರಿಂದ 8ಕ್ಕೆ ಸಂದು ಚುಕ್ಕಿ ಇಟ್ಟು, ಎಳೆಯನ್ನು ಎಲ್ಲೂ ಕಡಿಯದೆ ಸುತ್ತಿ ತಂದು ಶುರು ಮಾಡಿದ ಜಾಗಕ್ಕೇ ಸೇರಿಸುತ್ತೀರಿ. ಅಳತೆಪಟ್ಟಿ ಇಲ್ಲ, ರಬ್ಬರ್ ಇಲ್ಲ. ಎರಡು ಬೆರಳ ಸಂದಿಯಿಂದ ಪುಡಿ ಒಂದೇ ಸಮನೆ ಬೀಳಬೇಕು. ಆ ಕೈಗೆ ಗೆರೆ ಬರಲ್ಲ ಅಂದರೆ ಹೇಗೆ? ನಿಮ್ಮ ಕೈ ಪಳಗಿದೆ. ಪಳಗಬೇಕಾದದ್ದು ಕಣ್ಣು.

ಅದಕ್ಕೆ ನಾಳೆ ಬೆಳಗ್ಗೆ ಕಾಫಿ ಕುಡಿದ ಸ್ಟೀಲ್ ಲೋಟವನ್ನು ಮುಂದೆ ಇಟ್ಟುಕೊಳ್ಳಿ. ಲೋಟದ ಬಾಯಿ ಗುಂಡಗಿದೆ ಅಂತ ನಮಗೆ ಗೊತ್ತು, ಆದರೆ ಕೂತು ನೋಡಿದಾಗ ಕಾಣುವುದು ಚಪ್ಪಟೆ ಮೊಟ್ಟೆಯ ಹಾಗೆ. ಎಲ್ಲರೂ ಆ ಮೊಟ್ಟೆಯ ಎರಡು ತುದಿಯನ್ನು ಚೂಪು ಮಾಡಿಬಿಡುತ್ತಾರೆ, ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಸರಿಯಾಗಿ ನೋಡಿ, ತುದಿಗಳಲ್ಲಿ ಎಲ್ಲೂ ಮೂಲೆ ಇಲ್ಲ, ಸಣ್ಣದಾಗಿ ತಿರುಗುತ್ತವೆ ಅಷ್ಟೆ. ತಳವೂ ನೇರ ಇಲ್ಲ, ಬಾಯಿಗಿಂತ ಜಾಸ್ತಿಯೇ ಬಾಗಿರುತ್ತದೆ, ಯಾಕೆಂದರೆ ಅದು ನಿಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಗೊತ್ತಿರುವುದನ್ನು ಬಿಟ್ಟು ಕಾಣುವುದನ್ನು ಬಿಡಿಸುವುದು ಅಂದರೆ ಇದೇ. ಒಂದು ವಾರ ಬರೀ ಲೋಟ ಬಿಡಿಸಿ, ಆಮೇಲೆ ಒಂದನೇ ಲೋಟವನ್ನೂ ಏಳನೇ ಲೋಟವನ್ನೂ ಪಕ್ಕದಲ್ಲಿಟ್ಟು ನೋಡಿ, ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಪಾಠ ಕೇಳುವಾಗ ನೋಟ್ಸಿನ ಅಂಚಿನಲ್ಲಿ ಗೀಚುತ್ತಾ ಇರುತ್ತೇನೆ. ಗಮನ ಇಲ್ಲ ಅಂತ ಸರ್ ಬೈಯುತ್ತಾರೆ. ಇದು ಕೆಟ್ಟ ಅಭ್ಯಾಸವಾ? (ಪಿಯುಸಿ ವಿದ್ಯಾರ್ಥಿ, ಹಾಸನ)

ಉತ್ತರ: ಏನು ಗೀಚುತ್ತೀಯ ಅನ್ನುವುದರ ಮೇಲಿದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ಅವರ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಯಿತು. 40 ಜನರಿಗೆ ಎರಡೂವರೆ ನಿಮಿಷದ, ತೀರಾ ಬೋರು ಹೊಡೆಸುವ ಫೋನ್ ಸಂದೇಶ ಕೇಳಿಸಿದರು. ಅರ್ಧ ಜನ ಕೇಳುತ್ತಾ ಕಾಗದದ ಮೇಲಿದ್ದ ಚೌಕ, ವೃತ್ತಗಳಿಗೆ ಪೆನ್ಸಿಲಿನಲ್ಲಿ ಬಣ್ಣ ತುಂಬುತ್ತಿದ್ದರು. ಆಮೇಲೆ ಕೇಳಿದಾಗ ಅವರಿಗೇ 29% ಜಾಸ್ತಿ ನೆನಪಿತ್ತು. ಕೈಗೆ ಸಣ್ಣ ಕೆಲಸ ಇದ್ದರೆ ಮನಸ್ಸು ಹಗಲುಗನಸಿಗೆ ಜಾರುವುದಿಲ್ಲ ಅನ್ನುವುದು ಅವರ ಊಹೆ.

ಆದರೆ ಅದು ಸುಮ್ನೆ ತುಂಬುವ ಕೆಲಸ, ನೆನಪಿರಲಿ. ಮುಂದಿನ ಬೆಂಚಿನವನ ಮುಖ ಬಿಡಿಸಲು ಕೂತರೆ ಕಣ್ಣು, ಮನಸ್ಸು ಎರಡೂ ಅಲ್ಲಿಗೇ ಹೋಗುತ್ತವೆ, ಆಗ ಸರ್ ಹೇಳಿದ್ದೇ ಸರಿ. ತರಗತಿಯಲ್ಲಿ ಚೌಕ, ಸುರುಳಿ ಸಾಕು. ಮುಖಗಳನ್ನು ಬಸ್‌ಸ್ಟ್ಯಾಂಡಿಗೆ ಇಟ್ಟುಕೋ, ಅಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ.

ಪ್ರಶ್ನೆ: ದಿನಾ ಏನು ಬಿಡಿಸುವುದು? ಮೂರು ದಿನಕ್ಕೆ ವಿಷಯವೇ ಮುಗಿದುಹೋಗುತ್ತದೆ. (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ದಿನಾ ಹೊಸದು ಯಾಕೆ ಬೇಕು? 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆ ಬಿಡಿಸುತ್ತಿದ್ದರು. ದೇಶವೆಲ್ಲ ಅವರ ವ್ಯಂಗ್ಯಚಿತ್ರಕ್ಕೆ ಕಾಯುವಂತಾದ ಮೇಲೂ ಕಾಗೆ ಬಿಡಲಿಲ್ಲ. ನೀವೂ ಒಂದನ್ನು ಹಿಡಿದುಕೊಳ್ಳಿ. ಚಪ್ಪಲಿ ಆಗಬಹುದು, ಕಿಟಕಿಯಾಚೆಯ ನುಗ್ಗೆಮರ ಆಗಬಹುದು. ಪುಟಕ್ಕೆ ತಾರೀಖು, ಚಿತ್ರದ ಕೆಳಗೆ ಆ ದಿನದ ಒಂದೇ ಸಾಲು. 'ಮಳೆ ಬಂತು, ಛತ್ರಿ ಆಫೀಸಿನಲ್ಲೇ ಉಳಿಯಿತು' ಅಂದರೂ ಸಾಕು, ಎರಡು ವರ್ಷ ಬಿಟ್ಟು ಓದಿದಾಗ ಆ ಸಂಜೆ ಪೂರ್ತಿ ಎದುರಿಗೆ ಬರುತ್ತದೆ. ಬಸ್ ಟಿಕೆಟ್ಟು, ಒಣಗಿದ ಎಲೆ ಅಂಟಿಸಿ, ಆದರೆ ಮೈದಾ ಅಂಟು ಬೇಡ, ಹುಳ ಬೀಳುತ್ತದೆ.

ಪ್ರಶ್ನೆ: ಯಾವ ಪೆನ್ಸಿಲ್ ಒಳ್ಳೆಯದು? (ಓದುಗರು, ತುಮಕೂರು)

ಉತ್ತರ: ಗೆರೆಗೆ ಎಚ್‌ಬಿ, ನೆರಳಿಗೆ 4ಬಿ, ಎರಡು ಸಾಕು. ಆರು ತಿಂಗಳು ರಬ್ಬರ್ ಕೊಳ್ಳಬೇಡಿ. ತಪ್ಪಿದ ಗೆರೆ ಹಾಗೇ ಇರಲಿ, ಸರಿಯಾದದ್ದನ್ನು ಅದರ ಪಕ್ಕದಲ್ಲೇ ಎಳೆಯಿರಿ.

ಪ್ರಶ್ನೆ: ನಮ್ಮ ಅಜ್ಜಿ ಹಸೆ ಚಿತ್ತಾರ ಬರೆಯುತ್ತಾರೆ. ಈಗ ಕೈ ನಡುಗುತ್ತದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅವರ ಚಿತ್ತಾರವನ್ನು ಪುಸ್ತಕದಲ್ಲಿ ಉಳಿಸಿಕೊಳ್ಳುವುದು ಹೇಗೆ? (ಸಾಗರ ತಾಲ್ಲೂಕಿನವರು)

ಉತ್ತರ: ಈ ಪತ್ರ ಓದಿ ನನ್ನ ಮನಸ್ಸು ತುಂಬಿ ಬಂತು. ಓದುಗರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಬರೆಯುತ್ತಾ ಬಂದ ಕಲೆ. ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುತ್ತಾರೆ. ಕೆಂಪಿಗೆ ಆ ಕೆಮ್ಮಣ್ಣೇ, ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆ ಹಬ್ಬದಲ್ಲಿ ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ.

ಮೊಬೈಲಿನಲ್ಲಿ ಫೋಟೊ ತೆಗೆದು ಅಷ್ಟಕ್ಕೇ ಬಿಡಬೇಡಿ. ಫೋಟೊದಲ್ಲಿ ಮುಗಿದ ಚಿತ್ತಾರ ಕಾಣುತ್ತದೆ, ಯಾವ ಎಳೆ ಮೊದಲು ಬಂತು ಅನ್ನುವುದು ಕಾಣುವುದಿಲ್ಲ. ರಜೆ ಹಾಕಿ ಹೋಗಿ, ಅಜ್ಜಿಯ ಪಕ್ಕ ಕೂತು, ಅವರು ಒಂದು ಎಳೆ ಎಳೆದರೆ ನೀವೂ ಪುಸ್ತಕದಲ್ಲಿ ಒಂದು ಎಳೆ ಎಳೆಯಿರಿ, 1, 2, 3 ಅಂತ ಅಂಕಿ ಹಾಕುತ್ತಾ ಹೋಗಿ. ಕೈ ನಡುಗಿದರೆ ಬೆರಳಲ್ಲಿ ತೋರಿಸಿದರೂ ಆಯಿತು. ಒಂದೊಂದು ಚಿತ್ತಾರಕ್ಕೂ ಅವರು ಹೇಳುವ ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಅವರು ಮಾಡಿದ ನಾಲ್ಕೂ ಬಣ್ಣವನ್ನು ಪುಟದ ಅಂಚಿಗೆ ಒಂದೊಂದು ಬೊಟ್ಟು ಇಟ್ಟುಕೊಳ್ಳಿ.

ಕೊನೆಯ ಪುಟ ಅವರ ಕೈಗೇ ಕೊಡಿ. ಕಾಗದ ದಪ್ಪಗಿರಲಿ, 200 ಜಿಎಸ್‌ಎಂಗೆ (ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಇಷ್ಟು ಗ್ರಾಂ ಅಂತ) ಕಡಿಮೆ ಬೇಡ, ಇಲ್ಲದಿದ್ದರೆ ನೀರಿಗೆ ಸುರುಟಿಕೊಳ್ಳುತ್ತದೆ. ಬಿಳಿ ಕಾಗದದ ಮೇಲೆ ಅಕ್ಕಿಯ ಬಿಳಿ ಕಾಣುವುದಿಲ್ಲ ಅಲ್ವಾ, ಹಾಗಾಗಿ ಹಿಂದಿನ ದಿನವೇ ಕೆಮ್ಮಣ್ಣು ಬಳಿದು ಒಣಗಿಸಿ ಇಟ್ಟಿರಿ.