ಹೌಸ್‌ಬೋಟ್ ಹತ್ತಿ ಟಿವಿ ನೋಡಬೇಕಾ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು. ಕೊಯ್ಲೆಲ್ಲ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಎರಡು ಕುಟುಂಬ ಸೇರಿ ಅಲೆಪ್ಪಿಗೆ ಹೋಗಿ, ಒಂದು ರಾತ್ರಿ ಹೌಸ್‌ಬೋಟ್‌ನಲ್ಲಿ ಇರೋಣ ಅಂತ ಮಾತಾಗಿದೆ. ನನ್ನ ಗಂಡ, ಮೈದುನ ಇಬ್ಬರಿಗೂ ದೊಡ್ಡ ಟಿವಿ, ಸ್ಪೀಕರ್, ಕರೋಕೆ ಇರುವ ಬೋಟೇ ಬೇಕಂತೆ. ಐಪಿಎಲ್ ಬೇರೆ. ನನಗೆ ಸುಮ್ನೆ ಕೂತು ಹೊರಗೆ ನೋಡುವ ಆಸೆ. "ವರ್ಷವಿಡೀ ತೋಟದಲ್ಲಿ ಹಸಿರೇ ನೋಡ್ತೀಯಲ್ಲ, ಅಲ್ಲಿ ಮತ್ತೇನು ನೋಡೋದು" ಅಂತಾರೆ. ನಂದೇ ಹಟವಾ?

ಉತ್ತರ: ಹಟ ಅಲ್ಲ. ನಿಮ್ಮ ಆಸೆ ತುಂಬಾ ನ್ಯಾಯವಾದದ್ದು.

ತೋಟದಲ್ಲಿ ಹಸಿರು ನೋಡುತ್ತೀರಿ ನಿಜ, ಆದರೆ ಅದು ಕೆಲಸದ ಕಣ್ಣು. ಯಾವ ಗಿಡಕ್ಕೆ ಕಾಂಡಕೊರಕ ಹುಳು ಬಿದ್ದಿದೆ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಎಲ್ಲಿ ಬಾಕಿ ಇದೆ, ಇವತ್ತು ಯಾರು ಕೆಲಸಕ್ಕೆ ಬಂದಿಲ್ಲ. ತಲೆಯಲ್ಲಿ ಅದೇ ಓಡುತ್ತಿರುತ್ತೆ. ಯಾವ ಲೆಕ್ಕವೂ ಇಲ್ಲದೆ ಒಂದು ಜಾಗವನ್ನು ನೋಡುವ ಅವಕಾಶ ನಿಮಗೆ ಸಿಗೋದೇ ಕಡಿಮೆ, ಅಲ್ವಾ? ಅಡುಗೆಯೂ ಅವತ್ತು ಬೋಟಿನವರದ್ದೇ.

ಮತ್ತೆ ನಿಮ್ಮ ಬೋಟು ಸುತ್ತುವ ಅಲೆಪ್ಪಿ ಕಡೆಯ ಕುಟ್ಟನಾಡು ನಮ್ಮ ಕೊಡಗಿನ ಥರ ಅಲ್ಲವೇ ಅಲ್ಲ. ಅಲ್ಲಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಕಾಲುವೆಯ ನೀರು ಮೇಲೆ, ಗದ್ದೆ ಕೆಳಗೆ, ನಡುವೆ ಒಂದು ಕಿರಿದಾದ ಏರಿ. ಬೋಟಿನಲ್ಲಿ ಕೂತವರು ಗದ್ದೆಯನ್ನು ಬಗ್ಗಿ ನೋಡಬೇಕು! ಕೊಯ್ಲಾದ ಗದ್ದೆಗೆ ಬಾತುಕೋಳಿ ಹಿಂಡು ಬಿಟ್ಟಿರುತ್ತಾರೆ. ಆ ಏರಿ ಮೇಲೆಯೇ ಜನರ ಮನೆ. ಹೆಂಗಸರು ಮೆಟ್ಟಿಲಲ್ಲಿ ಕೂತು ಪಾತ್ರೆ ತೊಳೆಯುತ್ತಿರುತ್ತಾರೆ, ನಿಮ್ಮ ಬೋಟು ಅವರ ಅಂಗಳದ ಪಕ್ಕದಲ್ಲೇ ಹಾದು ಹೋಗುತ್ತದೆ.

ಕರೋಕೆ ಸ್ಪೀಕರ್ ಬಗ್ಗೆ ನನ್ನ ತಕರಾರು ಇರೋದು ಇಲ್ಲೇ. ವಾರಾಂತ್ಯದಲ್ಲಿ ನಿಮ್ಮೂರಿನ ಹೋಂಸ್ಟೇಗೆ ಬಂದವರು ಮಧ್ಯರಾತ್ರಿವರೆಗೆ ಹಾಡು ಹಾಕಿದರೆ ಅಕ್ಕಪಕ್ಕದ ತೋಟದ ಮನೆಯವರಿಗೆ ಎಷ್ಟು ಸಿಟ್ಟು ಬರುತ್ತೆ ಅಂತ ನಿಮ್ಮ ಯಜಮಾನರಿಗೆ ಹೇಳಿಕೊಡಬೇಕಿಲ್ಲ. ಅಲೆಪ್ಪಿಯಲ್ಲಿ ನಾವೇ ಆ ಪ್ರವಾಸಿಗರು. ಇದನ್ನೇ ಅವರ ಮುಂದೆ ಇಡಿ. ಪ್ರಕೃತಿ ಸೌಂದರ್ಯದ ಮಾತಿಗಿಂತ ಇದು ಬೇಗ ತಲುಪುತ್ತದೆ.

ಟಿವಿ ವಿಷಯಕ್ಕೆ ಮಾತ್ರ ಜಗಳ ಬೇಡ. ಹೌಸ್‌ಬೋಟುಗಳು ಸಾಮಾನ್ಯವಾಗಿ ಮಧ್ಯಾಹ್ನ 12ರ ಹೊತ್ತಿಗೆ ಹೊರಟು, ಸಂಜೆ ಐದೂವರೆಗೆಲ್ಲ ದಡ ಸೇರುತ್ತವೆ. ರಾತ್ರಿ ನೀರು ಮೀನುಗಾರರ ಬಲೆಗೆ. ಐಪಿಎಲ್ ಶುರುವಾಗೋದು ಏಳೂವರೆಗೆ. ಶನಿವಾರ, ಭಾನುವಾರ ಮೂರೂವರೆಗೂ ಪಂದ್ಯ ಇರುವುದರಿಂದ ವಾರದ ಮಧ್ಯದ ದಿನ ಬುಕ್ ಮಾಡಿ. ಬೋಟು ಚಲಿಸುವಷ್ಟು ಹೊತ್ತು ಎಲ್ಲ ಬಂದ್, ಕಟ್ಟಿದ ಮೇಲೆ ಅವರವರ ಇಷ್ಟ. ಕೊಯ್ಲಿನಲ್ಲಿ ದಣಿದ ಅಣ್ಣ ತಮ್ಮ ಒಟ್ಟಿಗೆ ಕೂತು ಮ್ಯಾಚ್ ನೋಡಿದರೆ ಒಳ್ಳೆಯದೇ. ಸ್ಪೀಕರ್ ಮಾತ್ರ ಬೇಡ. ಬೋಟುಗಳನ್ನು ಅಕ್ಕಪಕ್ಕವೇ ಕಟ್ಟಿರುತ್ತಾರೆ.

ಬುಕ್ ಮಾಡುವಾಗ ಎರಡು ವಿಷಯ ಕೇಳಿ. ಮೇಲ್ಗಡೆ ಕೂರಲು ಜಾಗ ಇದೆಯಾ? ಬೆಳಿಗ್ಗೆ ಚಿಕ್ಕ ದೋಣಿ ಸಿಗುತ್ತಾ? ದೊಡ್ಡ ಬೋಟು ಸಣ್ಣ ಕಾಲುವೆಗೆ ಹೋಗಲ್ಲ, ಹುಟ್ಟು ಹಾಕುವ ದೋಣಿ ಹೋಗುತ್ತದೆ. ಆರೂವರೆಗೆ ನೀವು ಹೊರಡಿ. ಯಾರಾದರೂ ಜೊತೆಗೆ ಬಂದರೆ ಬರಲಿ, ಮಲಗುವವರನ್ನು ಎಬ್ಬಿಸಬೇಡಿ. "ಅಲ್ಲಿ ನೋಡಿ, ಇಲ್ಲಿ ನೋಡಿ" ಅಂತ ಯಾರಿಗೂ ಒತ್ತಾಯವೂ ಬೇಡ.

ಇನ್ನೊಂದು ಮಾತು. ಏಪ್ರಿಲ್ ಅಂದರೆ ಕಾಫಿ ಹೂ ಅರಳಿಸುವ ಹೂ ಮಳೆಯ ಸಮಯ. ಊರಲ್ಲಿ ಮಳೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗದ ಲೆಕ್ಕ) ಬಂತು ಅಂತ ನಿಮ್ಮ ಯಜಮಾನರು ಫೋನ್ ಹಿಡಿದೇ ಇರುತ್ತಾರೆ. ಆ ಫೋನಿಗೆ ಮಾತ್ರ ಅಡ್ಡಿ ಮಾಡಬೇಡಿ.