ಕನ್ನಡ ಹೆಸರು ಇದ್ದರೆ ಪಿಎಚ್‌ಪಿಯಿಂದ ಜಾವಾಸ್ಕ್ರಿಪ್ಟ್‌ಗೆ ಜೆಸನ್ ಖಾಲಿ ಬರುತ್ತಿದೆ. ಜೆಸನ್ ಬಿಟ್ಟು ಬೇರೆ ದಾರಿ ಹಿಡಿಯಬೇಕೇ?

ಬೇಡ. ಜೆಸನ್ ಬಿಡಬೇಡಿ, ಸರ್ವರ್‌ನಿಂದ ಬ್ರೌಸರ್‌ಗೆ ಮಾಹಿತಿ ಸಾಗಿಸುವ ಆ ಬರಹದ ರೂಪದ ತಪ್ಪು ಇಲ್ಲಿ ಇಲ್ಲ. ಹೆಸರುಗಳನ್ನೆಲ್ಲ ಇಂಗ್ಲಿಷ್ ಮಾಡಿಬಿಡೋಣ ಅನ್ನುವ ಯೋಚನೆಯನ್ನಂತೂ ಇವತ್ತೇ ಬಿಟ್ಟುಬಿಡಿ.

ಸೊಸೈಟಿಯ ಸದಸ್ಯರ ಪಟ್ಟಿ ಇಂಗ್ಲಿಷ್ ಹೆಸರಿದ್ದಾಗ ಚೆನ್ನಾಗಿ ಬರುತ್ತದೆ, ಕೆಲವು ಕನ್ನಡ ಹೆಸರು ಸೇರಿದ ಕೂಡಲೇ ಇಡೀ ಪಟ್ಟಿಯೇ ಮಾಯ ಅಂತ ಬರೆದಿದ್ದೀರಿ. ಇದು ನನಗೆ ಆದದ್ದೇ. ಒಂದಿಷ್ಟೂ ಬೇರೆ ಅಲ್ಲ.

2019ರ ಸುಮಾರಿಗೆ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಬೆಳೆಗಾರರ ಹೆಸರು, ವಿಳಾಸ, ತಂದ ಚೀಲ ಎಷ್ಟು, ಅದರಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಇವು ಅಡಿಕೆಯ ಬಗೆಗಳು), ಮುಂಗಡ ತಗೊಂಡದ್ದು ಎಷ್ಟು, ಬಾಕಿ ಎಷ್ಟು. ಇಷ್ಟೂ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ಪಿಎಚ್‌ಪಿ ಸರ್ವರ್‌ನಲ್ಲಿ ಅದನ್ನು ತೆಗೆದು ಜೆಸನ್ ಮಾಡಿ ಕಳಿಸುತ್ತಿತ್ತು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಅದನ್ನು ಫೆಚ್ ಮಾಡಿ ಟೇಬಲ್ ಕಟ್ಟುತ್ತಿತ್ತು. ಶಿವಮೊಗ್ಗದಲ್ಲಿ ಯಾವ ತಕರಾರೂ ಇರಲಿಲ್ಲ. ಅಲ್ಲಿ ಟೈಪ್ ಮಾಡುವ ಹುಡುಗ ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಹಾಕುತ್ತಿದ್ದ. ತೀರ್ಥಹಳ್ಳಿಯಲ್ಲಿ ಅವರದ್ದೊಂದು ಶಾಖೆ. ಅಲ್ಲಿನ ಗುಮಾಸ್ತರು ಹಿರಿಯರು. ಆ ವಯಸ್ಸಿನಲ್ಲಿ ಕನ್ನಡ ಟೈಪಿಂಗ್ ಕಲಿತು ಹೆಸರು, ಮನೆ ಹೆಸರು, ರಸ್ತೆ ಸಮೇತ ಅಚ್ಚುಕಟ್ಟಾಗಿ ತುಂಬಿದ್ದರು.

ಮಳೆ ಹಿಡಿಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು ಇರುತ್ತದಲ್ಲ, ಹಾಗಾಗಿ ಮನೆಯಲ್ಲಿ ಇಟ್ಟ ಅಡಿಕೆ ತರುವವರು, ಮುಂಗಡ ಕೇಳುವವರು ಆ ಹೊತ್ತಿಗೆ ಜಾಸ್ತಿ. ಶಾಖೆಯಲ್ಲಿ ಪುಟ ತೆರೆದರೆ ಪಟ್ಟಿಯೇ ಇಲ್ಲ. ಕೆಂಪು ಅಕ್ಷರದಲ್ಲಿ ಒಂದು ಸಾಲು: "ನೆಟ್‌ವರ್ಕ್ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ."

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ಇಲ್ಲ ಅಂದರೆ ಯಾರು ಅನುಮಾನ ಪಡುತ್ತಾರೆ ಹೇಳಿ? ಮರ ಬಿದ್ದು ಲೈನ್ ಹೋಗುತ್ತದೆ. ಕರೆಂಟ್ ಇಲ್ಲದೆ ಟವರ್ ಸತ್ತು ಹೋಗುತ್ತದೆ. ಎಲ್ಲರೂ ಒಪ್ಪಿಕೊಂಡೆವು. ಮಂಡಿಯ ಸಾಹುಕಾರರು ಬೇರೆ ಕಂಪನಿಯ ಸಿಮ್ ಹಾಕಿಸಿದರು. ಚಾವಣಿ ಮೇಲೆ ಆಂಟೆನಾ ಕಟ್ಟಿಸಿದರು. ಪಟ್ಟಿ ಮಾತ್ರ ಬರಲಿಲ್ಲ.

ಆ ಕೆಂಪು ಸಾಲನ್ನು ಬರೆದವನು ನಾನೇ. ನನ್ನ ಕೆಲಸ ಕಳೆದದ್ದು ಅದೇ ಸಾಲು. ಹಾಗಾಗಿ ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಎಲ್ಲರೂ ಬರೆಯುವ ಹಾಗೆಯೇ ಬರೆದಿದ್ದೆ. ಫೆಚ್, ಆಮೇಲೆ ಒಂದು ದೆನ್‌ನಲ್ಲಿ ಜೆಸನ್ ಬಿಡಿಸುವುದು, ಇನ್ನೊಂದು ದೆನ್‌ನಲ್ಲಿ ಟೇಬಲ್ ಕಟ್ಟುವುದು, ಕೊನೆಗೆ ತಪ್ಪು ಹಿಡಿಯಲು ಒಂದೇ ಒಂದು ಕ್ಯಾಚ್. ಕ್ಯಾಚ್‌ಗೆ ಬಂತು ಅಂದರೆ ನೆಟ್‌ವರ್ಕ್ ಇಲ್ಲ ಅಂತ ಲೆಕ್ಕ ಹಾಕಿದ್ದೆ. ಆದರೆ ಆ ಕ್ಯಾಚ್‌ಗೆ ಬಂದು ಬೀಳುವುದು ನೆಟ್‌ವರ್ಕ್ ತಪ್ಪು ಒಂದೇ ಅಲ್ಲ. ಸರ್ವರ್ ಸಿಗಲೇ ಇಲ್ಲ ಅಂದರೆ ಫೆಚ್ ಟೈಪ್‌ಎರರ್ ಎಸೆಯುತ್ತದೆ, ಅದು ಅಲ್ಲಿಗೆ ಬರುತ್ತದೆ. ಸರ್ವರ್ ಸಿಕ್ಕಿತು, ಉತ್ತರವೂ ಬಂತು, ಆದರೆ ಬಂದದ್ದು ಜೆಸನ್ ಅಲ್ಲ ಅಂದರೆ ಸಿಂಟ್ಯಾಕ್ಸ್‌ಎರರ್, ಅದೂ ಅಲ್ಲಿಗೇ. ಟೇಬಲ್ ಕಟ್ಟುವಾಗ ನನ್ನದೇ ಕೋಡ್ ಮುಗ್ಗರಿಸಿದರೆ ಅದೂ ಅಲ್ಲಿಗೇ. ಇನ್ನು ಸರ್ವರ್ 404 ಅಥವಾ 500 ಕೊಟ್ಟರೆ ಫೆಚ್ ಅದನ್ನು ತಪ್ಪು ಅಂತಲೇ ತಿಳಿಯುವುದಿಲ್ಲ. ರೆಸ್ಪಾನ್ಸ್‌ನ 'ಓಕೆ' ನಿಜವೋ ಸುಳ್ಳೋ ಅಂತ ನಾವೇ ನೋಡಬೇಕು. ನಾನು ನೋಡಿರಲಿಲ್ಲ. ಇಷ್ಟು ಬೇರೆ ಬೇರೆ ರೋಗಕ್ಕೆ ಒಂದೇ ಹೆಸರು ಕೊಟ್ಟಿದ್ದೆ, ಅದೂ ಮಳೆಗಾಲದ ಮಲೆನಾಡಿನಲ್ಲಿ ಯಾರೂ ಪ್ರಶ್ನೆ ಮಾಡದ ಹೆಸರು. "ಏನೋ ತಪ್ಪಾಗಿದೆ" ಅಂತ ಬರೆದಿದ್ದರೂ ಮೊದಲ ದಿನವೇ ನನ್ನನ್ನು ಕರೆಸುತ್ತಿದ್ದರು. "ನೆಟ್‌ವರ್ಕ್ ಇಲ್ಲ" ಅಂತ ಬರೆದದ್ದರಿಂದ ಎಲ್ಲರೂ ಆಕಾಶ ನೋಡುತ್ತಾ ಕೂತರು.

ಇದರ ಜೊತೆಗೆ ಇನ್ನೊಂದು ಕೆಲಸ ಮಾಡಿದೆವು. ಕನ್ನಡದ ಪುಟಕ್ಕೆ ಡೇಟಾ ಜಾಸ್ತಿ ಬೇಕಾಗುತ್ತದೇನೋ, ನೆಟ್‌ವರ್ಕ್ ಕಡಿಮೆ ಇರುವ ಕಡೆ ಇಂಗ್ಲಿಷ್‌ನಲ್ಲೇ ಹಾಕಿ ಅಂತ ನಾನೇ ಹೇಳಿದೆ. ಗುಮಾಸ್ತರು ಪಾಪ ಎಲ್ಲವನ್ನೂ ಮತ್ತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರು. ಪಟ್ಟಿ ಬಂತು! ಅಲ್ಲಿಗೆ ನನ್ನ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿಯಾಯಿತು. ಮಲೆನಾಡಿನಲ್ಲಿ ಒಂದೇ ಹೆಸರಿನವರು ಊರಿಗೆ ನಾಲ್ಕು ಜನ. ಮೇಲಿನಮನೆ, ಕೆಳಗಿನಮನೆ ಅಂತ ಮನೆ ಹೆಸರಿನಿಂದಲೇ ಗುರುತು. ಅದನ್ನು ಇಂಗ್ಲಿಷ್‌ನಲ್ಲಿ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಬರೆದರೆ ಹುಡುಕುವಾಗ ಸಿಗುವುದಿಲ್ಲ. ಒಬ್ಬರ ಮುಂಗಡ ಇನ್ನೊಬ್ಬರ ಖಾತೆಗೆ ಹೋಯಿತು. ಚೀಟಿಯಲ್ಲಿ ತಮ್ಮ ಹೆಸರು ಓದಲಾಗದೆ ವಯಸ್ಸಾದವರು ಗುಮಾಸ್ತರನ್ನೇ ಕೇಳಬೇಕಾಯಿತು. ಅದಕ್ಕೇ ಹೇಳಿದ್ದು, ಆ ದಾರಿ ಬೇಡ ಅಂತ.

ನಿಜ ಗೊತ್ತಾದದ್ದು ಗುಮಾಸ್ತರಿಂದ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಫೋನ್ ಮಾಡಿ, "ಎಂತ ಮಾರಾಯ, ಈಗಷ್ಟೇ ಬೆಂಗಳೂರಿನ ಮೊಮ್ಮಗಳ ಮುಖ ನೋಡ್ತಾ ವಿಡಿಯೋದಲ್ಲಿ ಮಾತಾಡ್ದೆ. ನಿನ್ನ ಪುಟಕ್ಕೆ ಮಾತ್ರ ನೆಟ್‌ವರ್ಕ್ ಇಲ್ವಾ?" ಅಂದರು. ಹಳೆಯ ಒಂದು ಪಟ್ಟಿಯಲ್ಲಿ ಕನ್ನಡ ಹೆಸರುಗಳು ಉಳಿದಿದ್ದವು, ಅದು ಇನ್ನೂ ತೆರೆಯುತ್ತಿರಲಿಲ್ಲ. ಅವತ್ತು ನಾನು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದೆ. ಸರ್ವರ್ 200 ಅಂತ ಉತ್ತರ ಕೊಟ್ಟಿದೆ, ಅಂದರೆ ಎಲ್ಲ ಸರಿ ಇದೆ ಅಂತ. ಉತ್ತರದ ಒಳಗೆ ನೋಡಿದರೆ ಏನೂ ಇಲ್ಲ. ಒಂದು ಅಕ್ಷರವೂ ಇಲ್ಲ. ಕನ್ಸೋಲ್‌ನಲ್ಲಿ "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಜೆಸನ್ ಇನ್‌ಪುಟ್". ನಿಮಗೂ ಇದೇ ಸಾಲು ಕಾಣುತ್ತಿರಬೇಕು, ಅಲ್ವಾ?

ಖಾಲಿ ಯಾಕೆ ಬರುತ್ತದೆ ಅಂದರೆ, ಪಿಎಚ್‌ಪಿಯ ಜೆಸನ್ ಎನ್‌ಕೋಡ್‌ಗೆ ಒಂದು ಕಡೆ ಕೆಟ್ಟ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಸಿಕ್ಕರೂ ಸಾಕು, ಇಡೀ ಪಟ್ಟಿಯನ್ನು ಬಿಟ್ಟು ಫಾಲ್ಸ್ ಕೊಡುತ್ತದೆ. ವಾರ್ನಿಂಗ್ ಇಲ್ಲ, ಎರರ್ ಇಲ್ಲ. ಪಿಎಚ್‌ಪಿಯಲ್ಲಿ ಫಾಲ್ಸ್ ಅನ್ನು ಎಕೋ ಮಾಡಿದರೆ, ಅಂದರೆ ಹೊರಗೆ ಬರೆಸಿದರೆ, ಖಾಲಿ. ಆ ಖಾಲಿಯೇ ಬ್ರೌಸರ್‌ಗೆ ಹೋಗುತ್ತದೆ. ಜೆಸನ್ ಲಾಸ್ಟ್ ಎರರ್ ಮೆಸೇಜ್ ಅನ್ನುವ ಫಂಕ್ಷನ್ ಕರೆದು ನೋಡಿದಾಗ "ಮಾಲ್‌ಫಾರ್ಮ್ಡ್ ಯುಟಿಎಫ್-8 ಕ್ಯಾರೆಕ್ಟರ್ಸ್" ಅಂತ ಬಂತು.

ಕೆಡಿಸಿದ್ದು ಯಾರು? ಮೊಬೈಲ್‌ನಲ್ಲಿ ಟೇಬಲ್ ಅಗಲವಾಗುತ್ತದೆ ಅಂತ ವಿಳಾಸವನ್ನು ಸಬ್‌ಸ್ಟ್ರ್ ಅನ್ನುವ ಫಂಕ್ಷನ್ ಹಾಕಿ 30ಕ್ಕೆ ಕತ್ತರಿಸಿದ್ದೆ. ಸಬ್‌ಸ್ಟ್ರ್ ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಚಿಹ್ನೆಗೆ 3. ಚಿಹ್ನೆ ಅಂದರೆ ನಾವು ಬಾಯಲ್ಲಿ ಎಣಿಸುವ ಅಕ್ಷರ ಅಲ್ಲ. ಮೂಲ ವ್ಯಂಜನ, ಗುಣಿತದ ಗುರುತು, ಒತ್ತಕ್ಷರ ಕಟ್ಟುವ ಹಲಂತ, ಸೊನ್ನೆ, ಒಂದೊಂದೂ ಬೇರೆ ಬೇರೆ. 'ತೀರ್ಥಹಳ್ಳಿ' ಕೂಡಿಸಿ ನೋಡಿ. 10 ಚಿಹ್ನೆ, ಸರಿಯಾಗಿ 30 ಬೈಟ್. ಅದಕ್ಕಿಂತ ಉದ್ದದ ಒಂಟಿ ಪದವಾದರೂ, 30 ಮೂರರಿಂದ ಭಾಗವಾಗುವುದರಿಂದ, ಎರಡು ಚಿಹ್ನೆಗಳ ನಡುವೆಯೇ ತುಂಡಾಗುತ್ತದೆ. ನಾನು ಪರೀಕ್ಷೆಗೆ ಹಾಕಿದ್ದು ಬರೀ ಊರ ಹೆಸರು. ಎಲ್ಲವೂ ಪಾಸ್.

ಈಗ 'ಕೋಣಂದೂರು ರಸ್ತೆ' ತಗೊಳ್ಳಿ. 'ಕೋಣಂದೂರು' 8 ಚಿಹ್ನೆ, 24 ಬೈಟ್. ನಡುವಿನ ಖಾಲಿ ಜಾಗಕ್ಕೆ 1, ಒಟ್ಟು 25. 'ರ' ಸೇರಿ 28. ಮುಂದಿನ 'ಸ'ಕ್ಕೆ 3 ಬೈಟ್ ಬೇಕು, ಉಳಿದದ್ದು 2. ಅಡಕತ್ತರಿಯಲ್ಲಿ ಸೀಳಿದ ಹಾಗೆ 'ಸ' ಅನ್ನುವುದೇ ಎರಡು ಹೋಳು. ಆ ಒಂದು ಅರ್ಧ 'ಸ'ಕ್ಕಾಗಿ ಶಾಖೆಯ ಅಷ್ಟೂ ಬೆಳೆಗಾರರ ಪಟ್ಟಿ ಬರಲಿಲ್ಲ. ನಿಮಗೂ ಕೆಲವು ಕನ್ನಡ ಹೆಸರಿಗೆ ಮಾತ್ರ ಹೀಗಾಗುತ್ತದೆ ಅಂದಿದ್ದೀರಿ. ಇನಿಷಿಯಲ್, ಚುಕ್ಕಿ, ಖಾಲಿ ಜಾಗ ಇರುವ ಹೆಸರುಗಳನ್ನು ಮೊದಲು ನೋಡಿ. ನಿಮ್ಮ ಕೋಡ್‌ನಲ್ಲಿ ಸಬ್‌ಸ್ಟ್ರ್ ಎಲ್ಲಿದೆ ಅಂತ ಹುಡುಕಿ. ಇದ್ದೇ ಇರುತ್ತದೆ ಅಂತ ನನ್ನ ಅನುಮಾನ.

ಸಬ್‌ಸ್ಟ್ರ್ ಬದಲು ಎಂಬಿ ಸಬ್‌ಸ್ಟ್ರ್ ಹಾಕಿ, ಯುಟಿಎಫ್-8 ಅಂತ ಹೇಳಿದರೆ ಬೈಟ್ ಒಡೆಯುವುದಿಲ್ಲ, ಜೆಸನ್ ಬರುತ್ತದೆ. ಆದರೆ ಅದು ಎಣಿಸುವುದು ಚಿಹ್ನೆಗಳನ್ನು. 'ರಸ್ತೆ' ಅನ್ನುವುದು 'ರಸ್' ಅಂತ ನಿಲ್ಲಬಹುದು. ಅದಕ್ಕೇ ನನ್ನ ಗಟ್ಟಿ ಅಭಿಪ್ರಾಯ: ಸರ್ವರ್‌ನಲ್ಲಿ ಕನ್ನಡವನ್ನು ಕತ್ತರಿಸಲೇಬೇಡಿ. ಪೂರ್ತಿ ಹೆಸರು ಕಳಿಸಿ. ಜಾಗ ಸಾಲದಿದ್ದರೆ ಸಿಎಸ್‌ಎಸ್‌ನ ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಇದೆ, ಕತ್ತರಿಸುವ ಕೆಲಸ ಬ್ರೌಸರ್ ಮಾಡಲಿ. ಅದಕ್ಕೆ ಅಕ್ಷರದ ಅಗಲ ಗೊತ್ತು, ಪಿಎಚ್‌ಪಿಗೆ ಗೊತ್ತಿಲ್ಲ.

ಜೆಸನ್ ಕನ್ನಡಕ್ಕೆ ಆಗಿಬರುವುದಿಲ್ಲವೇನೋ ಅಂತ ಕೇಳಿದ್ದೀರಿ. ತಪ್ಪು. ಜೆಸನ್‌ನ ನಿಯಮ ಹೇಳುವ 2017ರ ಆರ್‌ಎಫ್‌ಸಿ 8259 ಪ್ರಕಾರ, ಬೇರೆ ಬೇರೆ ವ್ಯವಸ್ಥೆಗಳ ನಡುವೆ ಓಡಾಡುವ ಜೆಸನ್ ಯುಟಿಎಫ್-8ರಲ್ಲೇ ಇರಬೇಕು. ಕನ್ನಡಕ್ಕೆ ಅಲ್ಲಿ ಇಂಗ್ಲಿಷಿನಷ್ಟೇ ಹಕ್ಕಿದೆ. ರೆಸ್ಪಾನ್ಸ್‌ನಲ್ಲಿ ಕನ್ನಡದ ಬದಲು ಬ್ಯಾಕ್‌ಸ್ಲ್ಯಾಶ್, ಯು, 0ಸಿ95 ಅಂತೆಲ್ಲ ಕಂಡು ಗಾಬರಿಯಾಗಿದ್ದರೆ, ಅದೂ ಸರಿಯೇ. 'ಕ'ದ ಯೂನಿಕೋಡ್ ಸಂಖ್ಯೆ ಅದು. ಜಾವಾಸ್ಕ್ರಿಪ್ಟ್ ಬಿಡಿಸುವಾಗ ತಾನಾಗಿ 'ಕ' ಆಗುತ್ತದೆ. ಹಾಗೆ ಬರೆದರೆ ಒಂದು ಚಿಹ್ನೆಗೆ 6 ಬೈಟ್. ಜೆಸನ್ ಅನ್‌ಎಸ್ಕೇಪ್ಡ್ ಯೂನಿಕೋಡ್ ಅನ್ನುವ ಆಯ್ಕೆ ಕೊಟ್ಟರೆ 3 ಬೈಟ್‌ನಲ್ಲಿ ಕನ್ನಡವೇ ಹೋಗುತ್ತದೆ. ನಿಧಾನ ನೆಟ್‌ವರ್ಕ್ ಇರುವ ಕಡೆಗೆ ಅದು ಒಳ್ಳೆಯದು, ಕಣ್ಣಿನಿಂದ ಓದಿ ತಪ್ಪು ಹುಡುಕಲೂ ಸುಲಭ.

ಜೆಸನ್ ಬದಲು ಎಚ್‌ಟಿಎಂಎಲ್ ತುಂಡನ್ನೇ ಕಳಿಸಿದರೆ ಹೇಗೆ, ಅಥವಾ ಅಡ್ಡಗೆರೆ ಹಾಕಿ ನಾನೇ ಸೇರಿಸಿ ಕಳಿಸಿದರೆ ಹೇಗೆ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಕಳಿಸಬಹುದು, ಪಟ್ಟಿಯೂ ಬರುತ್ತದೆ. ಆದರೆ ಮುರಿದ ಹೆಸರು ಮುರಿದೇ ಇರುತ್ತದೆ, ಪ್ರಶ್ನೆ ಗುರುತಿನ ಕಪ್ಪು ಡೈಮಂಡ್ ಆಗಿ ಕಾಣುತ್ತದೆ. ಎಚ್‌ಟಿಎಂಎಲ್ ಸ್ಪೆಷಲ್ ಕ್ಯಾರ್ಸ್ ಫಂಕ್ಷನ್ ಬಳಸಿದರೆ ಪಿಎಚ್‌ಪಿ 8.1ಕ್ಕಿಂತ ಹಿಂದಿನದರಲ್ಲಿ, ಬೇರೆ ಆಯ್ಕೆ ಕೊಡದಿದ್ದರೆ, ಆ ಹೆಸರು ಪೂರ್ತಿ ಖಾಲಿಯಾಗಿಬಿಡುತ್ತದೆ. ಲೆಕ್ಕದ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಸಾಲು! ಜೆಸನ್ ಒಪ್ಪದೆ ನಿಂತದ್ದೇ ನಿಮ್ಮ ಪುಣ್ಯ.

ಈಗ ನೀವು ಮಾಡಬೇಕಾದದ್ದು. ನಿಮ್ಮ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ 7.3 ಅಥವಾ ಅದಕ್ಕಿಂತ ಹೊಸದು ಇದ್ದರೆ ಎನ್‌ಕೋಡ್‌ಗೆ ಜೆಸನ್ ಥ್ರೋ ಆನ್ ಎರರ್ ಅನ್ನುವ ಆಯ್ಕೆ ಕೊಡಿ. ಕೆಟ್ಟದ್ದು ಸಿಕ್ಕರೆ ಸುಮ್ನೆ ಫಾಲ್ಸ್ ಕೊಡದೆ ಎಕ್ಸೆಪ್ಷನ್ ಎಸೆಯುತ್ತದೆ. ಅದನ್ನು ಹಿಡಿದು 500 ಕಳಿಸಿ, ಯಾವ ಸಾಲು ಅಂತ ಲಾಗ್‌ನಲ್ಲಿ ಬರೆಯಿರಿ. ನನ್ನದು ಆಗ 5.6, ಅದರಲ್ಲಿ ಇದು ಇರಲಿಲ್ಲ. ಫಾಲ್ಸ್ ಬಂತೇ ಅಂತ ಕೈಯಲ್ಲೇ ನೋಡಬೇಕಿತ್ತು. ಕೆಟ್ಟ ಬೈಟ್‌ಗಳನ್ನು ಬಿಟ್ಟು ಮುಂದೆ ಹೋಗುವ ಆಯ್ಕೆಯೂ 7.2ರಿಂದ ಇದೆ, ಹೆಸರು ಇಗ್ನೋರ್ ಅಂತ ಮುಗಿಯುತ್ತದೆ. ಜನರ ಹೆಸರು, ದುಡ್ಡು ಇರುವ ಕಡೆ ಅದನ್ನು ಮುಟ್ಟಬೇಡಿ. ಜಾವಾಸ್ಕ್ರಿಪ್ಟ್ ಕಡೆ ಕ್ಯಾಚ್‌ನಲ್ಲಿ ತಪ್ಪಿನ ಜಾತಿ ನೋಡಿ ಬೇರೆ ಬೇರೆ ಮಾತು ಹೇಳಿ. ಸರ್ವರ್ ಸಿಗದಿದ್ದರೆ ಮಾತ್ರ ನೆಟ್‌ವರ್ಕ್ ಇಲ್ಲ ಅನ್ನಿ.

ಪುಟದೊಳಗೇ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಎಕೋ ಮಾಡುತ್ತಿದ್ದರೆ ಜೆಸನ್ ಹೆಕ್ಸ್ ಟ್ಯಾಗ್ ಆಯ್ಕೆಯನ್ನೂ ಸೇರಿಸಿ, ಸುತ್ತ ಕೋಟ್ ಹಾಕಬೇಡಿ. ಹಳೆಯ ಪಿಎಚ್‌ಪಿಯಲ್ಲಿ ಡೇಟಾಬೇಸಿನ ಸಂಖ್ಯೆಗಳು ಸ್ಟ್ರಿಂಗ್ ಆಗಿ, ಅಂದರೆ ಬರಹವಾಗಿ, ಬರುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಾಗೇ ಕೂಡಿಸಿದರೆ 48000 ಮತ್ತು 500 ಸೇರಿ 48000500 ಆಗುತ್ತದೆ. ಸಾಹುಕಾರರ ಎದುರು ಹಾಗಾಗುವುದು ಬೇಡ.

ನನ್ನ ಕಥೆಯಲ್ಲಿ ಕೋಡ್ ಒಂದು ಮಧ್ಯಾಹ್ನದಲ್ಲಿ ಸರಿಯಾಯಿತು. ಅಷ್ಟರಲ್ಲಿ ತಡವಾಗಿತ್ತು. ಖಾತೆ ಅದಲು ಬದಲಾದ ಬೆಳೆಗಾರರು ಮಂಡಿಗೆ ಬಂದು ಜಗಳ ಮಾಡಿದ್ದರು. ಸಾಹುಕಾರರು ಶಾಖೆಯಲ್ಲಿ ಕಂಪ್ಯೂಟರ್ ಮುಚ್ಚಿಸಿ ಮತ್ತೆ ಲೆಕ್ಕದ ಪುಸ್ತಕ ತೆರೆಸಿದರು. ಉಳಿದ ದುಡ್ಡನ್ನು ನಾನು ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಗುಮಾಸ್ತರು ಅಷ್ಟು ಶ್ರಮಪಟ್ಟು ಟೈಪ್ ಮಾಡಿದ್ದ ಕನ್ನಡದ ಪಟ್ಟಿಯನ್ನು ಬ್ಯಾಕಪ್‌ನಿಂದ ತೆಗೆದು ಪ್ರಿಂಟ್ ಮಾಡಿ ಅವರಿಗೆ ಕೊಟ್ಟೆ.

ನೀವು ಮೊದಲು ಜೆಸನ್ ಲಾಸ್ಟ್ ಎರರ್ ಮೆಸೇಜ್ ಏನು ಹೇಳುತ್ತದೆ ನೋಡಿ, ಅದನ್ನು ಇಲ್ಲೇ ಕೆಳಗೆ ಹಾಕಿ. ಅದರ ಜೊತೆ ಹೆಸರನ್ನು ಡೇಟಾಬೇಸ್‌ನಿಂದ ತೆಗೆದು ಎನ್‌ಕೋಡ್ ಮಾಡುವವರೆಗಿನ ಕೋಡ್ ಸಾಲುಗಳೂ ಬೇಕು. ಸದಸ್ಯರ ನಿಜವಾದ ಹೆಸರು, ಫೋನ್ ನಂಬರ್ ಮಾತ್ರ ಹಾಕಬೇಡಿ. ಅದೇ ಉದ್ದದ ಬೇರೆ ಯಾವುದಾದರೂ ಹೆಸರು ಸಾಕು.