ಬೇಡದ ಜಿಎಸ್‌ಟಿ ನಂಬರ್, ನಿಂತುಹೋದ ಎರಡು ಸಾವಿರ

ನಮ್ಮಲ್ಲಿ ಸಲಹೆ ಕೇಳಿ ಬಂದವರು ತಾಲ್ಲೂಕು ಪಟ್ಟಣವೊಂದರ ಮೂವತ್ತೆಂಟರ ಹೆಣ್ಣುಮಗಳು (ಗುರುತು ಸಿಗದಂತೆ ವಿವರ ಬದಲಿಸಿದೆ). ಗಂಡನಿಗೆ ಬೆನ್ನುನೋವು, ಗಾರೆ ಕೆಲಸ ಬಿಟ್ಟು ಸಿಕ್ಕ ದಿನ ಸಿಕ್ಕ ಕೂಲಿ. ಇಬ್ಬರು ಮಕ್ಕಳು. ಬಿಪಿಎಲ್ ಕಾರ್ಡಿನಲ್ಲಿ ಈಕೆಯೇ ಯಜಮಾನಿ. ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೊಂದರಿಂದ ಮೂರರವರೆಗೆ ಬ್ಲೌಸ್ ಹೊಲಿಗೆ, ಸೀರೆಗೆ ಕುಚ್ಚು, ಕಸೂತಿ ಹಾಕಿದ ಬ್ಲೌಸ್ ಪೀಸು. ದಾರ, ಲೈನಿಂಗ್, ಕರೆಂಟು ಕಳೆದು ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು ಉಳಿಯುತ್ತದೆ.

ದೂರು ಒಂದೇ ಸಾಲಿನದು: ಗೃಹಲಕ್ಷ್ಮಿ ಏಳು ತಿಂಗಳಿಂದ ಬಂದಿಲ್ಲ. ಕಂತು ತಡವಾಗುವುದು ಎಲ್ಲರಿಗೂ ಅಭ್ಯಾಸವಾಗಿರುವುದರಿಂದ ಮೊದಲ ನಾಲ್ಕು ತಿಂಗಳು ಈಕೆ ವಿಚಾರಿಸಲೇ ಇಲ್ಲ. ಎದುರು ಮನೆಯವರಿಗೆ ಎರಡು ಕಂತು ಒಟ್ಟಿಗೆ ಜಮಾ ಆದಾಗ ಬ್ಯಾಂಕಿಗೆ ಓಡಿದರು. ಆಧಾರ್ ಜೋಡಣೆ ಸರಿ ಇತ್ತು, ಇ-ಕೆವೈಸಿ ಸರಿ ಇತ್ತು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕಂಪ್ಯೂಟರ್ ನೋಡಿ ಹೇಳಿದ್ದು, ‘ನೀವು ಜಿಎಸ್‌ಟಿ ಲಿಸ್ಟಲ್ಲಿದ್ದೀರಿ’.

ಸುಳ್ಳಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟ ಸುದ್ದಿ ಊರೂರಲ್ಲಿ ಹಬ್ಬಿತ್ತಲ್ಲ, ಆಗ ಪರಿಚಯದ ಏಜೆಂಟರೊಬ್ಬರು ‘ಫೋನ್‌ಪೇಲಿ ದುಡ್ಡು ತಗೋತೀರಿ, ಆನ್‌ಲೈನಲ್ಲೂ ಮಾರಬೇಕಂತೀರಿ, ಜಿಎಸ್‌ಟಿ ಬೇಕೇ ಬೇಕು’ ಅಂದಿದ್ದರು. ನೋಂದಣಿಗೆ 2,500 ರೂಪಾಯಿ, ರಿಟರ್ನ್ (ವಹಿವಾಟು, ತೆರಿಗೆಯ ಲೆಕ್ಕ) ಸಲ್ಲಿಸಲು ತಿಂಗಳಿಗೆ 300. ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕವೇ ಇಲ್ಲ ಎಂಬುದು ಈಕೆಗೆ ತಿಳಿದದ್ದು ಸಲಹೆಗೆ ಬಂದ ದಿನ.

ಗೃಹಲಕ್ಷ್ಮಿಯ ನಿಯಮದಲ್ಲಿ ಎರಡು ಕ್ರಿಯಾಪದಗಳಿವೆ, ವ್ಯತ್ಯಾಸವೆಲ್ಲ ಅಲ್ಲೇ ಇದೆ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ‘ಪಾವತಿಸುವವರು’ ಆಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ‘ಸಲ್ಲಿಸುವವರು’ ಆಗಿರಬಾರದು. ಜಿಎಸ್‌ಟಿಯಲ್ಲಿ ಎಷ್ಟು ದುಡಿದಿರಿ, ಎಷ್ಟು ತೆರಿಗೆ ಕಟ್ಟಿದಿರಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸೊನ್ನೆ ರಿಟರ್ನ್ ಸಲ್ಲಿಸಿದರೂ ಸಲ್ಲಿಸಿದಂತೆಯೇ. ಹಾಗಾಗಿ ‘ನಂಬರನ್ನು ಗಂಡನ ಹೆಸರಿಗೆ ಮಾಡಿಸಲಾ?’ ಎಂದು ಈಕೆ ಕೇಳಿದ್ದಕ್ಕೆ ಉತ್ತರ ಇಲ್ಲ ಎಂದೇ. ಅದೂ ಸಾಲದ್ದಕ್ಕೆ, ಬಿಪಿಎಲ್ ಮಾನದಂಡದಲ್ಲೂ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷದ ಮಿತಿಯ ಜೊತೆಗೆ ಜಿಎಸ್‌ಟಿ, ಆದಾಯ ತೆರಿಗೆಯ ಅಂಶಗಳಿವೆ. ಈ ನಂಬರ್ ಹೀಗೇ ಇದ್ದರೆ ಮುಂದಿನ ಪರಿಶೀಲನೆಯಲ್ಲಿ ಕಾರ್ಡಿಗೂ ಕುತ್ತು.

ನಿಜಕ್ಕೂ ನಂಬರ್ ಬೇಕಿತ್ತೇ? ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ, ಸೇವೆ ಸೇರಿದ್ದರೆ 20 ಲಕ್ಷ. ಗಿರಾಕಿ ತಂದ ಬಟ್ಟೆ ಹೊಲಿದುಕೊಡುವುದು, ಗಿರಾಕಿಯ ಸೀರೆಗೆ ಕುಚ್ಚು ಕಟ್ಟುವುದು ಸೇವೆ. ತಾನೇ ಬಟ್ಟೆ ತಂದು ಕಸೂತಿ ಹಾಕಿ ಮಾರುವುದು ಸರಕು. ಈಕೆಯದು ಎರಡೂ ಇರುವುದರಿಂದ 20 ಲಕ್ಷವನ್ನೇ ಮಿತಿ ಎಂದಿಟ್ಟುಕೊಳ್ಳಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ನೋಟ್‌ಬುಕ್ ಎರಡನ್ನೂ ಕೂಡಿದಾಗ ಹನ್ನೆರಡು ತಿಂಗಳ ಒಟ್ಟು ಜಮೆ 1,12,000. ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಆನ್‌ಲೈನ್ ಮಾತು ಮಾತ್ರ ಅರ್ಧ ಸತ್ಯ. ಮೊದಲು ಆನ್‌ಲೈನ್ ತಾಣದಲ್ಲಿ ಸರಕು ಮಾರಲು ನೋಂದಣಿ ಕಡ್ಡಾಯವೇ ಆಗಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನವರು ತಮ್ಮ ರಾಜ್ಯದೊಳಗೆ ಮಾತ್ರ ಮಾರುವುದಾದರೆ ನೋಂದಣಿ ಬೇಡ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಅದಕ್ಕೆ ತಿಂಗಳ ರಿಟರ್ನ್ ಇಲ್ಲ. ಆದರೆ ಸರಕು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವಂತಿಲ್ಲ. ಏಜೆಂಟರಿಗೆ ಈ ಬದಲಾವಣೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ.

ನಂಬರ್ ರದ್ದು ಮಾಡಿಸುವುದೆಂದು ತೀರ್ಮಾನವಾಯಿತು. ಅಲ್ಲಿ ಮೂರು ಗಂಟು.

ಮೊದಲನೆಯದು ಲಾಗಿನ್. ನೋಂದಣಿಯಲ್ಲಿ ಏಜೆಂಟರು ತಮ್ಮದೇ ಮೊಬೈಲ್, ತಮ್ಮದೇ ಇಮೇಲ್ ಹಾಕಿದ್ದರು. ಓಟಿಪಿ ಅವರಿಗೇ ಹೋಗುತ್ತದೆ, ಅವರು ಫೋನ್ ಎತ್ತುವುದಿಲ್ಲ. ಇದು ಬಹಳ ಕಡೆ ಕಾಣುವ ತೊಡಕು. ಏಜೆಂಟರ ಹಿಂದೆ ಅಲೆಯಬೇಕಿಲ್ಲ. ಆಧಾರ್, ಪ್ಯಾನ್, ವ್ಯವಹಾರದ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ಹೋದರೆ ಮೊಬೈಲ್, ಇಮೇಲ್ ಬದಲಿಸಿ ಪಾಸ್‌ವರ್ಡ್ ಹೊಸದಾಗಿ ಕೊಡಲು ಅವರಿಗೆ ಅಧಿಕಾರವಿದೆ. ವ್ಯಾಪ್ತಿ ಕೇಂದ್ರದ್ದೋ ರಾಜ್ಯದ್ದೋ ಎಂಬುದನ್ನು ನಂಬರ್ ಹಾಕಿ ಪೋರ್ಟಲ್‌ನಲ್ಲೇ ನೋಡಿಕೊಂಡು ಹೊರಡಬೇಕು, ಇಲ್ಲವಾದರೆ ಒಂದು ದಿನದ ಬಸ್‌ಚಾರ್ಜ್ ದಂಡ.

ಎರಡನೆಯದು ಕೆಟ್ಟ ಗಂಟು. ಲಾಗಿನ್ ತೆರೆದು ನೋಡಿದರೆ ಆರು ತಿಂಗಳ ರಿಟರ್ನ್ ‘ಸೊನ್ನೆ’ ಎಂದು ಹೋಗಿದೆ, ಆಮೇಲಿನ ಮೂರು ತಿಂಗಳು ಖಾಲಿ. ಆದರೆ ಆ ಆರು ತಿಂಗಳಲ್ಲಿ ಆನ್‌ಲೈನ್ ತಾಣದ ಮೂಲಕ 31,400 ರೂಪಾಯಿಯ ಸರಕು ಮಾರಾಟವಾಗಿದೆ. ತಾಣದವರು ತಮ್ಮ ರಿಟರ್ನ್‌ನಲ್ಲಿ ಅದನ್ನು ತೋರಿಸಿ, ಶೇ 0.5ರಂತೆ 157 ರೂಪಾಯಿ ಹಿಡಿದು ಇವರ ಹೆಸರಿಗೆ ಕಟ್ಟಿಯೂ ಇದ್ದಾರೆ. ಒಂದು ಕಡೆ ಮಾರಾಟ, ಇನ್ನೊಂದು ಕಡೆ ಸೊನ್ನೆ. ಹೀಗೇ ರದ್ದತಿ ಕೇಳಿದರೆ ನೋಟಿಸ್ ಬರುವುದಕ್ಕೆ ದಾರಿ ಮಾಡಿಕೊಟ್ಟಂತೆ.

ತಿಂಗಳ ತೆರಿಗೆ ಲೆಕ್ಕದ ರಿಟರ್ನ್ ಜಿಎಸ್‌ಟಿಆರ್-3ಬಿಯನ್ನು ಒಮ್ಮೆ ಸಲ್ಲಿಸಿದರೆ ತಿದ್ದಲು ಬರುವುದಿಲ್ಲ. ಬಿಟ್ಟುಹೋದ ಮಾರಾಟವನ್ನು ಬಾಕಿ ಇರುವ ಮೊದಲ ತಿಂಗಳ ಜಿಎಸ್‌ಟಿಆರ್-1ರಲ್ಲೂ (ಮಾರಾಟದ ವಿವರ ಕೊಡುವ ರಿಟರ್ನ್) 3ಬಿಯಲ್ಲೂ ಸೇರಿಸಲು ಹೇಳಲಾಯಿತು. ಶೇ 5ರಂತೆ ತೆರಿಗೆ 1,570. ತಾಣದವರು ಕಟ್ಟಿದ 157 ತಾನಾಗಿ ಕಳೆಯುವುದಿಲ್ಲ. ಟಿಡಿಎಸ್/ಟಿಸಿಎಸ್ ಕ್ರೆಡಿಟ್ ಪುಟದಲ್ಲಿ ‘ಸ್ವೀಕರಿಸಿದೆ’ ಎಂದು ಒತ್ತಿ ಸಲ್ಲಿಸಿದ ಮೇಲೆ ಪೋರ್ಟಲ್‌ನಲ್ಲಿರುವ ಇವರ ಲೆಡ್ಜರಿಗೆ (ಖಾತೆಪುಟ) ಬರುತ್ತದೆ. ಉಳಿದದ್ದು 1,413, ಅದಕ್ಕೆ ವರ್ಷಕ್ಕೆ ಶೇ 18ರ ಬಡ್ಡಿ. ತಡದ ಶುಲ್ಕ ಮಾರಾಟವಿರುವ ರಿಟರ್ನಿಗೆ ದಿನಕ್ಕೆ 50, ಈ ಗಾತ್ರದ ವ್ಯವಹಾರಕ್ಕೆ ಗರಿಷ್ಠ 2,000. ಸೊನ್ನೆಯದಕ್ಕೆ ದಿನಕ್ಕೆ 20, ಗರಿಷ್ಠ 500. ಆನ್‌ಲೈನ್ ಮಾರಾಟವನ್ನಷ್ಟೇ ಹಿಡಿದರೆ ಒಂದು ಮಾರಾಟದ್ದು, ಎರಡು ಸೊನ್ನೆಯವು, ಎಲ್ಲ ಸೇರಿ ನಾಲ್ಕೂವರೆ ಸಾವಿರದ ಮೇಲೆ ಸ್ವಲ್ಪ; ನಂಬರ್ ಇದ್ದ ತಿಂಗಳುಗಳ ಹೊಲಿಗೆ ಕೂಲಿಯನ್ನೂ ತೋರಿಸಬೇಕಾದ್ದರಿಂದ ಮೊತ್ತ ಇನ್ನೂ ಏರುತ್ತದೆ. ಮೊತ್ತ ಕೇಳಿ ಈಕೆ ಸುಮ್ಮನೆ ಕುಳಿತುಬಿಟ್ಟರು. ನಾಲ್ಕೂವರೆ ಸಾವಿರವೆಂದರೇ ಸುಮಾರು ಹದಿನೆಂಟು ಬ್ಲೌಸ್‌ಗಳ ಕೂಲಿ. ಆದರೆ ಬಿಟ್ಟಷ್ಟೂ ಬೆಳೆಯುವ ಸಾಲ, ಕಟ್ಟಿ ಮುಗಿಸುವುದೇ ಲೇಸು.

ಮೂರನೆಯದು ರದ್ದತಿಯ ಕ್ರಮ. ಬಾಕಿ ರಿಟರ್ನ್ ಮುಗಿಸಿಯೇ ಆರ್‌ಇಜಿ-16 ಅರ್ಜಿ. ಕಾರಣದಲ್ಲಿ ‘ವ್ಯವಹಾರ ಮುಚ್ಚಿದೆ’ ಎಂದು ಹಾಕಬಾರದು, ಹೊಲಿಗೆ ನಡೆಯುತ್ತಿದೆ. ‘ತೆರಿಗೆ ಹೊಣೆ ಇಲ್ಲ’ ಎಂಬುದೇ ಸರಿಯಾದ ಆಯ್ಕೆ. ಅಧಿಕಾರಿಯ ಆದೇಶ ಆರ್‌ಇಜಿ-19 ರೂಪದಲ್ಲಿ ಬರುತ್ತದೆ, ಅದನ್ನು ಇಳಿಸಿಕೊಂಡು ಎರಡು ಪ್ರತಿ ಮಾಡಿಸಬೇಕು. ಬಹುಪಾಲು ಜನ ಇಲ್ಲಿಗೆ ಮುಗಿಯಿತೆಂದು ಎದ್ದುಬಿಡುತ್ತಾರೆ. ಮುಗಿದಿಲ್ಲ: ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಸಲ್ಲಿಸಬೇಕು. ಈಕೆ ಬಟ್ಟೆ ಖರೀದಿಯ ಮೇಲೆ ತೆರಿಗೆ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ್ದರಲ್ಲಿ ಕಳೆಯುವುದು) ಪಡೆದಿಲ್ಲವಾದ್ದರಿಂದ ಉಳಿದ ದಾಸ್ತಾನಿನ ಮೇಲೆ ವಾಪಸ್ ಕಟ್ಟುವುದು ಏನೂ ಇಲ್ಲ.

ಆ ಮೇಲೆ ಯೋಜನಾಧಿಕಾರಿ ಕಚೇರಿಗೆ ಲಿಖಿತ ಮನವಿ, ಜೊತೆಗೆ ಆರ್‌ಇಜಿ-19, ಜಿಎಸ್‌ಟಿಆರ್-10ರ ಸ್ವೀಕೃತಿ, ಪಡಿತರ ಚೀಟಿ, ಆಧಾರ್, ಪಾಸ್‌ಬುಕ್. ಬಾಯಿಮಾತಿನಲ್ಲಿ ಹೇಳಿ ಬರುವುದಲ್ಲ. ಇನ್ನೊಂದು ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಬೇಕು.

ಮನವಿಯ ಕರಡಿನಲ್ಲಿ ಈಕೆ ‘ಏಳು ತಿಂಗಳ 14,000 ಕೊಡಿಸಿ’ ಎಂದು ಬರೆದು ತಂದಿದ್ದರು. ಆ ಸಾಲು ಹೊಡೆಸಲಾಯಿತು. ಆ ತಿಂಗಳುಗಳಲ್ಲಿ ನಂಬರ್ ಚಾಲ್ತಿಯಲ್ಲಿತ್ತು, ನಿಯಮದ ಪ್ರಕಾರ ಹಣ ಸಲ್ಲುವುದಿಲ್ಲ. ಕೇಳಬೇಕಾದದ್ದು ರದ್ದತಿಯ ದಿನಾಂಕದಿಂದ ಮುಂದಿನದು. ಅಷ್ಟೇ ಅಲ್ಲ, ನೋಂದಣಿಯಾದ ಮೇಲೂ ಎರಡು ಕಂತು ಬಂದಿದ್ದವು. ‘ಅದನ್ನು ಹೇಳಬೇಕಾ?’ ಎಂದರು. ಕೇಳಿದರೆ ಇದ್ದದ್ದನ್ನೇ ಹೇಳಿ, ವಾಪಸ್ ಕೇಳಿದರೆ ಕಟ್ಟಲು 4,000 ಬದಿಗಿಡಿ ಎಂದೇ ಸಲಹೆ. ನೋಂದಣಿಯ ದಿನಾಂಕ ದಾಖಲೆಯಲ್ಲೇ ಇರುವಾಗ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಹೊರರಾಜ್ಯದ ಆರ್ಡರ್ ಬಿಡಲು ಈಕೆಗೆ ಮನಸ್ಸಿರಲಿಲ್ಲ. ಲೆಕ್ಕ ಹಾಕಿ ನೋಡಲು ಹೇಳಿದೆವು: ಗೃಹಲಕ್ಷ್ಮಿ ವರ್ಷಕ್ಕೆ 24,000, ಅದರ ಮೇಲೆ ಅನ್ನಭಾಗ್ಯದ ಅಕ್ಕಿ, ರಿಟರ್ನ್ ಸಲ್ಲಿಸುವ ಖರ್ಚು 3,600. ಹೊರರಾಜ್ಯದ ಮಾರಾಟದಲ್ಲಿ ಇಷ್ಟಕ್ಕಿಂತ ಹೆಚ್ಚು ಉಳಿತಾಯ ಕಂಡರೆ ನಂಬರ್ ಇಟ್ಟುಕೊಂಡು ಯೋಜನೆ ಬಿಡುವುದೂ ತಪ್ಪಲ್ಲ. ಈಕೆಗೆ ಉಳಿದಿದ್ದದ್ದು ಆರು ತಿಂಗಳಿಗೆ ಒಂಬತ್ತು ಸಾವಿರ. ಸದ್ಯಕ್ಕೆ ರಾಜ್ಯದೊಳಗೇ ಸಾಕು ಎಂದರು.

ಎದ್ದು ಹೊರಡುವಾಗ ಇನ್ನೊಂದು ವಿಷಯ ಹೊರಬಿತ್ತು: ಹೊಸ ಪವರ್ ಮಷಿನ್‌ಗೆ ಸಾಲ ಬೇಕು, ಅದೇ ಏಜೆಂಟರು ‘ನಾಲ್ಕೂವರೆ ಲಕ್ಷ ಆದಾಯ ತೋರಿಸಿ ಐಟಿ ರಿಟರ್ನ್ ಹಾಕಿಸೋಣ, ತೆರಿಗೆ ಬೀಳಲ್ಲ’ ಎಂದಿದ್ದಾರೆ. ತೆರಿಗೆ ಬೀಳದಿರಬಹುದು. ಆದರೆ 1.20 ಲಕ್ಷದ ಮಿತಿ ಮೀರಿದೆ ಎಂದು ತಾನೇ ಸಹಿ ಮಾಡಿಕೊಟ್ಟಂತಾಗುತ್ತದೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಧಾರ್ ಮೇಲೆ ಉಚಿತವಾಗಿ ಆಗುತ್ತದೆ, ಜಿಎಸ್‌ಟಿ ಕಡ್ಡಾಯವಲ್ಲದವರಿಗೆ ಅದಕ್ಕೆ ಜಿಎಸ್‌ಟಿ ನಂಬರ್ ಬೇಕಿಲ್ಲ. ಆ ಪ್ರಮಾಣಪತ್ರ ಮತ್ತು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹಿಡಿದು ಮೊದಲು ತಮ್ಮ ಖಾತೆ ಇರುವ ಬ್ಯಾಂಕಿನಲ್ಲೇ ಮುದ್ರಾ ಸಾಲ ಕೇಳಿ, ರಿಟರ್ನ್ ಮಾತು ಆಮೇಲೆ ಎಂದು ಕಳಿಸಲಾಯಿತು.